ಲಕ್ಕಪ್ಪನ ಬ್ಲಾಗಿಗೆ ಬಿದ್ದ ಮೊಹರು

ಹುಬ್ಬಳ್ಳಿಯ ಗೋಪನಕೊಪ್ಪದ ಲಕ್ಕಪ್ಪ ಇಂಗ್ಲಿಷಿನಲ್ಲಿ ಬ್ಲಾಗು ಬರೆಯಲು ಕುಳಿತದ್ದು ಸಿಟ್ಟಿಗೆ. ಅವನ ಬಾಳಿನ ದೊಡ್ಡ ಕೆಲಸಗಳೆಲ್ಲ ಸಿಟ್ಟಿಗೇ ಆದವು. ಶಿರಗುಪ್ಪಿ ಬಿಟ್ಟು ಹುಬ್ಬಳ್ಳಿಗೆ ಬಂದದ್ದು ಅಣ್ಣನ ಮೇಲಿನ ಸಿಟ್ಟಿಗೆ. ತಾರಿಹಾಳದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥು ಕಲಿತದ್ದು ಅದಕ್ಕೂ ಮೊದಲಿನ ಮಾಲೀಕನ ಮೇಲಿನ ಸಿಟ್ಟಿಗೆ. ಮೀಸೆ ಬಿಟ್ಟದ್ದು ಸಹ ಕಟಿಂಗ್ ಅಂಗಡಿಯವನ ಜೊತೆ ಜಗಳವಾಡಿ.

ಈ ಸಲದ ಸಿಟ್ಟು ಮನೆಯ ಮಾಲೀಕರಾದ ತ್ರ್ಯಂಬಕರಾಯರ ಮೇಲೆ. ರಾಯರು ಸರಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕಡತ ನೋಡಿ ನಿವೃತ್ತರಾದವರು. ಹುಟ್ಟಿದ್ದು ಧಾರವಾಡದಲ್ಲಿ; ಅದನ್ನು ದಿನಕ್ಕೆ ಎರಡು ಸಲ ಯಾರಿಗಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಅವರ ಮನೆಯ ಹಿಂಭಾಗದ ಎರಡು ಖೋಲಿಗಳಲ್ಲಿ ಲಕ್ಕಪ್ಪ, ಅವನ ಹೆಂಡತಿ ಹೊಳೆವ್ವ, ಮಗಳು ಸೃಷ್ಟಿ ಹದಿನಾಲ್ಕು ವರ್ಷದಿಂದ ಬಾಡಿಗೆಗಿದ್ದರು. 2007ರ ಜನವರಿಯ ಒಂದು ರವಿವಾರ ರಾಯರು ಕಟ್ಟೆಯ ಮೇಲೆ ಇಂಗ್ಲಿಷ್ ಪೇಪರ್ ಹರವಿಕೊಂಡು ಕುಳಿತಿದ್ದರು.

"ಲಕ್ಕಪ್ಪ, ಇಲ್ಲಿ ನೋಡು. ಈಗ ಯಾರು ಬೇಕಾದವರು ಕಂಪ್ಯೂಟರಿನ್ಯಾಗ ಬರೀಬಹುದಂತ. ಇಡೀ ಜಗತ್ತು ಓದ್ತದಂತ. ಬ್ಲಾಗ್ ಅಂತಾರ ಇದಕ್ಕ."

"ನಾನೂ ಬರೀಬಹುದೇನ್ರಿ ರಾಯರ?"

"ಜಗತ್ತು ಓದಬೇಕಂದ್ರ ಇಂಗ್ಲಿಷ್ ಬೇಕಲ್ಲಪಾ."

"ನನಗ ಬರೂದಿಲ್ಲೇನ್ರಿ? ನಮ್ಮ ಕಾರ್ಖಾನಿ ಇಂಗ್ಲಿಷ್ ಪತ್ರ ಅಷ್ಟೂ ನಾನ ಬರೀತೇನಿ!"

ರಾಯರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಅದು ಅರ್ಜಿ, ಲಕ್ಕಪ್ಪ. ಇಂಗ್ಲಿಷ್ ಅಲ್ಲ."

ಮಾತು ಸಣ್ಣದು. ಆದರೆ ಲಕ್ಕಪ್ಪ ಅಂದು ಮಧ್ಯಾಹ್ನ ರೊಟ್ಟಿಯನ್ನು ಮುರಿದ ರೀತಿ ನೋಡಿಯೇ ಹೊಳೆವ್ವನಿಗೆ ಈ ಸಲ ಏನೋ ದೊಡ್ಡದು ಕಾದಿದೆ ಎಂದು ತಿಳಿಯಿತು.

ಇಲ್ಲಿ ಲಕ್ಕಪ್ಪನ ಇಂಗ್ಲಿಷಿನ ಬಗ್ಗೆ ಎರಡು ಮಾತು ಹೇಳಬೇಕು. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಸುಳ್ಳಲ್ಲ. ಶಿರಗುಪ್ಪಿಯ ಸಾಲೆಯಲ್ಲಿ ಫಕೀರೇಶ ಮಾಸ್ತರರ ಹತ್ತಿರ ಇಂಗ್ಲಿಷ್ ಪುಸ್ತಕ ಇದ್ದದ್ದು ಒಂದೇ. ಅದರ ಮುಂದಿನ ಮುಕ್ಕಾಲು ಭಾಗವನ್ನು ಗೆದ್ದಲು ತಿಂದು, ಕೊನೆಯ ಪತ್ರಲೇಖನದ ಪಾಠವೊಂದೇ ಉಳಿದಿತ್ತು. ಮಾಸ್ತರರು ಅದನ್ನೇ ಮೂರು ವರ್ಷ ಕಲಿಸಿದರು. ಮೇಲೆ ಯಾರಿಗೆ ಎಂಬುದು. ಆಮೇಲೆ ವಿಷಯ. ಆಮೇಲೆ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಎಂಬ ಸಾಲು. ಕೊನೆಗೆ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಅದರ ಕೆಳಗೆ, ಸಂಬಂಧಪಟ್ಟ ಇಲಾಖೆಗೆ ಪ್ರತಿ. ಆ ಪ್ರತಿಯನ್ನು ಸ್ವತಃ ಒಯ್ದು ಕೊಟ್ಟು, ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಮನೆಗೆ ತರಬೇಕು. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ. ಲಕ್ಕಪ್ಪನ ಪಾಲಿಗೆ ಇಂಗ್ಲಿಷ್ ಎಂದರೆ ಇದು. ಇದಕ್ಕಿಂತ ಬೇರೆ ಇಂಗ್ಲಿಷ್ ಇದೆ ಎಂದು ಯಾರಾದರೂ ಹೇಳಿದ್ದರೆ ಅವನು ಅದನ್ನು ಗೆದ್ದಲು ತಿಂದ ಭಾಗ ಎಂದು ಬಿಟ್ಟುಬಿಡುತ್ತಿದ್ದ.

ಮರುದಿನ ಕಾರ್ಖಾನೆಯಿಂದ ಬರುತ್ತ ಅವನು ನೇರ ಗುಲಾಬಸಾಬನ ಇಂಟರ್ನೆಟ್ ಅಂಗಡಿಗೆ ಹೋದ. ಗುಲಾಬಸಾಬ ಮೊದಲು ಕ್ಯಾಸೆಟ್ ಮಾರುತ್ತಿದ್ದವನು. ಈಗ ಕ್ಯಾಸೆಟ್ ಕಪಾಟಿನ ನಡುವೆಯೇ ನಾಲ್ಕು ಕಂಪ್ಯೂಟರ್ ಇಟ್ಟಿದ್ದ. ಅವನು ಬ್ಲಾಗು ತೆರೆದುಕೊಟ್ಟ. ಲಕ್ಕಪ್ಪ ಒಂದೇ ಬೆರಳಿನಿಂದ ಒಂದೂವರೆ ತಾಸು ಕುಟ್ಟಿ ಮೊದಲ ಬರಹ ಮುಗಿಸಿದ. ಮೇಲೆ ಯಾರಿಗೆ ಎಂದು ಬರೆಯಲೇಬೇಕಲ್ಲ? "ಗೆ, ಮಾನ್ಯ ಜಗತ್ತು, ಇಂಟರ್ನೆಟ್ ಶಾಖೆ" ಎಂದು ಶುರುಮಾಡಿದ್ದ. ವಿಷಯ, ಲೇಥು ಮಷೀನಿನ ಕುರಿತು. ಲೇಥು ಹೇಗೆ ತಿರುಗುತ್ತದೆ ಎಂದು ವಿವರಿಸಿ, ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲು ಜಗತ್ತನ್ನು ವಿನಂತಿಸಿದ್ದ.

ಜಗತ್ತು ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ.

ಎರಡನೆಯದು ಹುಬ್ಬಳ್ಳಿಯ ಧೂಳಿನ ಕುರಿತು, ಮೂರನೆಯದು ಶಿರಗುಪ್ಪಿಯ ಮೆಣಸಿನಕಾಯಿಯ ಕುರಿತು. ದಿನಾ ಸಂಜೆ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಇಳಿಯದೆಯೇ ಕೂಗುತ್ತಿದ್ದ.

"ಗುಲಾಬಸಾಬ, ಜಗತ್ತು ಏನಂತು?"

"ಏನೂ ಅಂದಿಲ್ಲರಿ ಅಣ್ಣಾರ."

"ಒಬ್ಬರೂ?"

"ಒಬ್ಬರೂ. ನೀವು ಮಷೀನು, ಧೂಳು ಅಂತ ಬರದ್ರ ಯಾರು ಓದ್ತಾರ್ರಿ? ಮನಸಿಗೆ ಹತ್ತಿದ ಮನಷಾರ ಬಗ್ಗೆ ಬರೀರಿ. ನಿಮಗ ಛಲೋ ಮಾಡಿದವರು ಯಾರೂ ಇಲ್ಲೇನು?"

ಲಕ್ಕಪ್ಪ ಸೈಕಲ್ ಮೇಲೆಯೇ ನಿಂತು ಹೆಸರು ಹುಡುಕಿದ. ಅಣ್ಣ ಬಂದ, ಹೋದ. ಕಾರ್ಖಾನೆಯ ಮಾಲೀಕ ಬಂದ, ಬೈಸಿಕೊಂಡು ಹೋದ. ಕೊನೆಗೆ ಉಳಿದವರು ತ್ರ್ಯಂಬಕರಾಯರು. ಹದಿನಾಲ್ಕು ವರ್ಷದಲ್ಲಿ ರಾಯರಿಗೆ ಅವನು ಒಂದು ಸವಿಮಾತು ಆಡಿದವನಲ್ಲ. ಕನ್ನಡದಲ್ಲಿ ಅವನ ಬಾಯಿಂದ ಬರುತ್ತಿದ್ದುದು ಬೈಗುಳ, ಇಲ್ಲವೇ ಲೇಥಿನ ಅಳತೆ. ಇಂಗ್ಲಿಷಿನಲ್ಲಿ ಮಾತ್ರ ಕೈ ನಾಚಲಿಲ್ಲ. ಆ ಪತ್ರದ ಕನ್ನಡ ಇಷ್ಟು:

"ವಿಷಯ: ಮನೆ ಮಾಲೀಕರಾದ ಶ್ರೀ ತ್ರ್ಯಂಬಕ ಇವರ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗೆ ಸಹಿ ಮಾಡಿದ ನಾನು ಬೇಡಿಕೊಳ್ಳುವುದೇನೆಂದರೆ, ಸದರಿಯವರು ತಮ್ಮ ಮೀಟರಿನಿಂದ ನಮ್ಮ ಮನೆಗೆ ತಂತಿ ಎಳೆದಿದ್ದು, ಇದಕ್ಕಾಗಿ ಯಾವ ಕಚೇರಿಗೂ ತೊಂದರೆ ಕೊಟ್ಟಿರುವುದಿಲ್ಲ. ಸದರಿಯವರು ನನ್ನ ಮಗಳ ಅಭ್ಯಾಸದ ಸಲುವಾಗಿ ಮಾಳಿಗೆಯ ಮೇಲೆ ಖೋಲಿ ಕಟ್ಟಿಸಿದ್ದು, ಯಾರನ್ನೂ ಕೇಳಿರುವುದಿಲ್ಲ. ನನ್ನ ಪತ್ನಿಗೆ ವಿಷಮಜ್ವರ ಬಂದಾಗ ಸದರಿಯವರ ಪತ್ನಿಯು ಹದಿನೆಂಟು ದಿವಸ ಗಂಜಿ ಸರಬರಾಜು ಮಾಡಿರುತ್ತಾರೆ. ಇಂಥ ಮನುಷ್ಯರು ನಮ್ಮ ಓಣಿಯಲ್ಲಿ ಬಹಳ ವರ್ಷಗಳಿಂದ ಇರುತ್ತಾರೆ. ಆದ್ದರಿಂದ ತಾವು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಇದು ಹೊಗಳಿಕೆ. ಲಕ್ಕಪ್ಪನ ಕಣ್ಣಲ್ಲಿ ನೀರು ಬರುವಷ್ಟು ಹೊಗಳಿಕೆ. ಪ್ರತಿ ಯಾರಿಗೆ ಎಂಬುದರಲ್ಲೂ ಅವನಿಗೆ ಗೊಂದಲವಿರಲಿಲ್ಲ. ಬೆಳಕಿನ ಸಂಗತಿ ಬಂದಿದೆ, ಆದ್ದರಿಂದ ಕರೆಂಟಿನ ಕಚೇರಿಗೆ ಒಂದು. ಖೋಲಿಯ ಸಂಗತಿ ಬಂದಿದೆ, ಆದ್ದರಿಂದ ಕಟ್ಟಡ ನೋಡುವ ಕಚೇರಿಗೆ ಒಂದು. ಗಂಜಿಗೆ ಸಂಬಂಧಪಟ್ಟ ಇಲಾಖೆ ಯಾವುದೆಂದು ತಿಳಿಯದೆ ಅದನ್ನೊಂದು ಬಿಟ್ಟ.

ಕಟ್ಟಡದ ಕಚೇರಿಯಲ್ಲಿ ಪತ್ರ ಸ್ವೀಕರಿಸುವ ಆವಕ ಕೌಂಟರಿನಲ್ಲಿ ಸುಮಲತಾ ಎಂಬ ಗುಮಾಸ್ತೆ ಕುಳಿತಿದ್ದಳು.

"ಏನ್ರಿ ಇದು?"

"ಬ್ಲಾಗ್ ರೀ."

"ಯಾವ ವಿಷಯ?"

"ನಮ್ಮ ಮಾಲೀಕರು ಖೋಲಿ ಕಟ್ಟಿಸಿದ ವಿಷಯ ರೀ. ಇಂಥಾ ಮನಷಾ ಅದಾನ ಅಂತ ಸಾಹೇಬ್ರಿಗೂ ಗೊತ್ತಾಗಲಿ ಅಂತ."

ಸುಮಲತಾ ಮೇಲಿನ ವಿಷಯ ಓದಿದಳು, ಕೆಳಗಿನ ಕೊನೆಯ ಸಾಲು ಓದಿದಳು. ನಡುವಿನದನ್ನು ಅವಳ ನೌಕರಿಯಲ್ಲಿ ಯಾರೂ ಓದಿದ್ದಿಲ್ಲ. ಠಪ್ ಎಂದು ಮೊಹರು ಬಿತ್ತು. ಲಕ್ಕಪ್ಪ ಆ ನೀಲಿ ಮೊಹರನ್ನು ಎದೆಗೆ ಹಿಡಿದು ಸೈಕಲ್ ಏರಿದ. ಜಗತ್ತು ಮಾತಾಡದಿದ್ದರೇನು, ಸರಕಾರ ಸ್ವೀಕರಿಸಿತ್ತು.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಕರೆಂಟಿನವರು ಏಣಿ ಹಿಡಿದು ಬಂದರು. ಒಂದು ಮೀಟರಿನ ಮೇಲೆ ಎರಡು ಮನೆ ನಡೆಯುವುದಿಲ್ಲ ಎಂದು ಹೇಳಿ, ತಂತಿ ಕತ್ತರಿಸಿ, ಸುರುಳಿ ಸುತ್ತಿ ರಾಯರ ಕೈಗೆ ಕೊಟ್ಟು ಹೋದರು. ಹತ್ತನೆಯ ದಿನ ಕಟ್ಟಡದವರು ಬಂದು ಮಾಳಿಗೆಯ ತಗಡಿನ ಖೋಲಿಗೆ ನೋಟೀಸು ಅಂಟಿಸಿದರು: ಪರವಾನಗಿ ಇಲ್ಲದ ಈ ಕಟ್ಟಡವನ್ನು ಹದಿನೈದು ದಿನದಲ್ಲಿ ತೆಗೆಯತಕ್ಕದ್ದು. ನೋಟೀಸಿನ ಹಿಂದೆ ಆಧಾರವಾಗಿ ಲಕ್ಕಪ್ಪನ ಪತ್ರ ಪಿನ್ನು ಚುಚ್ಚಿಕೊಂಡು ಕುಳಿತಿತ್ತು.

ಆ ಖೋಲಿಯಲ್ಲಿ ಸೃಷ್ಟಿ ಓದುತ್ತಿದ್ದಳು. ಪಿಯುಸಿ ಎರಡನೇ ವರ್ಷ, ಸೈನ್ಸು. ಪರೀಕ್ಷೆ ಮಾರ್ಚ್ ಹದಿನೈದಕ್ಕೆ.

ರಾಯರು ಪತ್ರದ ವಿಷಯ ಓದಿದರು, ಕೊನೆಯ ಸಾಲು ಓದಿದರು. ಮೂವತ್ತೈದು ವರ್ಷ ಕಡತ ನೋಡಿದವರಿಗೆ ಅಷ್ಟು ಸಾಕಾಗಿತ್ತು.

"ಲಕ್ಕಪ್ಪಾ! ಹೊರಗ ಬಾರೋ!"

ಲಕ್ಕಪ್ಪ ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಬಂದ. "ಯಾಕ್ರಿ ರಾಯರ?"

"ನನ್ನ ಮ್ಯಾಲೆ ದೂರು ಕೊಟ್ಟೀಯಾ? ಹದಿನಾಲ್ಕು ವರ್ಷ ಮನಿ ಮಗನಂಗ ಇಟಗೊಂಡಿದ್ದೆ!"

"ದೂರಲ್ಲರಿ! ಅದು ಹೊಗಳಿಕಿ!"

"ಕೂಡಲೇ ಸೂಕ್ತ ಕ್ರಮ ಕೈಗೊಳ್ಳಿ ಅಂತ ಯಾರರ ಹೊಗಳ್ತಾರೇನೋ?"

"ಎಲ್ಲಾ ಪತ್ರಾ ಹಂಗ ಮುಗೀತಾವಲ್ಲರಿ!"

"ಪ್ರತಿ ಬ್ಯಾರೆ! ಎರಡು ಆಫೀಸಿಗೆ! ಮೊಹರು ಬ್ಯಾರೆ!"

"ಮೊಹರು ಇರಲಿಲ್ಲಂದ್ರ ಅದೇನು ಇಂಗ್ಲಿಷ್ ಏನ್ರಿ!" ಲಕ್ಕಪ್ಪನಿಗೂ ಸಿಟ್ಟೇರಿತು. "ಪೂರ್ತಿ ಓದ್ರಿ ಮೊದಲ! ಓದಾಕ ಬರತೈತಿ ಇಲ್ಲೋ?"

ಧಾರವಾಡದಲ್ಲಿ ಹುಟ್ಟಿದವರಿಗೆ ಓದಲು ಬರುತ್ತದೋ ಇಲ್ಲವೋ ಎಂದು ಕೇಳಬಾರದಿತ್ತು. ರಾಯರ ದನಿ ಒಮ್ಮೆಲೆ ತಣ್ಣಗಾಯಿತು. "ಮಾರ್ಚ್ ಒಂದನೇ ತಾರೀಖಿಗೆ ಮನಿ ಖಾಲಿ ಮಾಡ್ರಿ," ಎಂದು ಬಾಗಿಲು ಹಾಕಿಕೊಂಡರು.

ಸುದ್ದಿ ಸಂಜೆಯೊಳಗೆ ಓಣಿ ತುಂಬಿತು. ಲಕ್ಕಪ್ಪ ಇಂಗ್ಲಿಷಿನಲ್ಲಿ ಯಾರ ಹೆಸರು ಬರೆಯುತ್ತಾನೋ ಅವರ ಮನೆಗೆ ಏಣಿ ಬರುತ್ತದೆ ಎಂದಾಯಿತು. ನಲ್ಲಿಗೆ ಮೋಟಾರು ಹಚ್ಚಿ ನೀರೆಳೆಯುತ್ತಿದ್ದವರು ಮೋಟಾರುಗಳನ್ನು ಮಂಚದ ಕೆಳಗೆ ಸೇರಿಸಿದರು. ಗಟಾರದ ಮೇಲೆ ಕಟ್ಟಿಕೊಂಡಿದ್ದ ಮೆಟ್ಟಿಲು ಎರಡು ಮನೆಗಳಲ್ಲಿ ಮಾಯವಾಗಿ, ಆ ಮನೆಯವರು ಕಿಟಕಿಗೆ ಕೈ ಕೊಟ್ಟು ಜಿಗಿದು ಒಳಹೋಗುವುದನ್ನು ರೂಢಿ ಮಾಡಿಕೊಂಡರು. ಹತ್ತು ವರ್ಷ ಮನವಿ ಕೊಟ್ಟರೂ ಆಗದ ಶಿಸ್ತು ನಾಲ್ಕು ದಿನದಲ್ಲಿ ಬಂತು. ಎದುರು ಮನೆಯ ಲಕ್ಷ್ಮೀಬಾಯಿ ಅಂತೂ ಹನ್ನೆರಡು ಶೇಂಗಾ ಹೋಳಿಗೆ ಮಾಡಿಕೊಂಡು ಬಂದಳು.

"ಲಕ್ಕಪ್ಪಣ್ಣಾ, ತಿನ್ನೋ ಯಪ್ಪಾ. ನನ್ನ ಹೆಸರು ಮಾತ್ರ ಇಂಗ್ಲಿಷಿನ್ಯಾಗ ಬರಬಾರದು ನೋಡು."

"ಅಕ್ಕಾರ, ನಾ ಛಲೋದನ್ನ ಬರದೇನ್ರಿ!"

"ಛಲೋದಂತೂ ಬರೀಲೇಬ್ಯಾಡ!"

ಹೋಳಿಗೆ ತಿನ್ನುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೊಳೆವ್ವ ಗಂಡನ ಮುಂದೆಯೇ ಪಾತ್ರೆಗಳನ್ನು ಚೀಲಕ್ಕೆ ಹಾಕತೊಡಗಿದಳು, ಒಂದೊಂದನ್ನೂ ಢಣ್ ಎನಿಸಿ.

"ನಿಮಗ ಬೈಯೂದರಾಗ ಏನು ಕಡಿಮಿ ಆಗಿತ್ತು? ಹೊಗಳಾಕ ಯಾರು ಹೇಳಿದ್ರು? ಪರೀಕ್ಷಾ ಹೊತ್ತಿನ್ಯಾಗ ಹುಡುಗೀನ್ನ ಎಲ್ಲಿ ಕುಂಡ್ರಸ್ತೀರಿ? ನಿಮ್ಮ ಬ್ಲಾಗಿನ್ಯಾಗ?"

ಸೃಷ್ಟಿ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. "ಅಪ್ಪಾ, ನೀ ಬರಿಯೂದು ನಿಲ್ಲಸು. ನಾ ಓದೂದು ಹೆಂಗರ ಮಾಡ್ತೇನಿ."

ಲಕ್ಕಪ್ಪನಿಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಅಂಗಳಕ್ಕೆ ಹೋದ, ಮಾಳಿಗೆಗೆ ಹೋದ, ನೋಟೀಸು ಓದಿದ, ಇಳಿದ, ಮತ್ತೆ ಏರಿದ. ರಾಯರ ಬಾಗಿಲ ಮುಂದೆ ಎರಡು ಸಲ ಕೆಮ್ಮಿದ. ಒಳಗಿನಿಂದ ರೇಡಿಯೋದ ದನಿ ದೊಡ್ಡದಾಯಿತು. ಇದನ್ನು ಸರಿಪಡಿಸಬೇಕು, ಅದೂ ಬರವಣಿಗೆಯಲ್ಲೇ ಎಂದು ಅವನು ನಿರ್ಧರಿಸಿದ. ಆದರೆ ಗೆದ್ದಲು ಬಿಟ್ಟ ಪಾಠದಲ್ಲಿ ಪತ್ರಗಳು ಇದ್ದದ್ದು ಎರಡೇ ನಮೂನೆ. ಮೊದಲನೆಯದು ಅರ್ಜಿ. ಅರ್ಜಿ ಫಲಿಸದಿದ್ದರೆ ಎರಡನೆಯದು, ಅದನ್ನು ನೆನಪಿಸುವ ಜ್ಞಾಪನ.

ಹೀಗಾಗಿ ಅವನು ಜಗತ್ತಿಗೆ ಜ್ಞಾಪನ ಬರೆದ. ತಾವು ನನ್ನ ಹಿಂದಿನ ಪತ್ರವನ್ನು ಪೂರ್ತಿ ಓದಿರುವುದಿಲ್ಲವಾದ್ದರಿಂದ, ಪೂರ್ತಿ ಓದಿ, ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು. ಪ್ರತಿ, ಮೊದಲಿನ ಎರಡೂ ಕಚೇರಿಗಳಿಗೆ.

"ಅಣ್ಣಾರ, ಇದನ್ನ ಬರೇ ಕಂಪ್ಯೂಟರಿನ್ಯಾಗ ಬಿಡ್ರಿ, ಕೈ ಮುಗೀತೇನಿ," ಎಂದು ಗುಲಾಬಸಾಬ ಪ್ರಿಂಟಿನ ಹಾಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಬಿಡೋ ಕಾಗದಾ! ಅರ್ಧಾ ಇಂಗ್ಲಿಷ್ ನಾ ಬರಿಯೂದಿಲ್ಲ!"

ಅರ್ಜಿ ಬಂದರೆ ಕಚೇರಿಯಲ್ಲಿ ಕಡತವಷ್ಟೇ ತೆರೆದುಕೊಳ್ಳುತ್ತದೆ. ಜ್ಞಾಪನ ಬಂದದ್ದರಿಂದ ಸಾಹೇಬರೇ ಕುರ್ಚಿ ಬಿಟ್ಟು ಎದ್ದರು. ಮೂರನೆಯ ದಿನ ಬೆಳಿಗ್ಗೆ ಓಣಿಯೊಳಗೆ ಜೀಪು ಬಂತು. ಅದರಿಂದ ಕಟ್ಟಡದ ಸಾಹೇಬ ಹನಮೇಶ, ಅಳತೆಯ ಟೇಪು, ದಪ್ಪನೆಯ ಕಡತ ಮೂರೂ ಇಳಿದವು. ಲಕ್ಷ್ಮೀಬಾಯಿ ಮೊದಲು ತನ್ನ ಬಾಗಿಲು ಹಾಕಿಕೊಂಡಳು, ಆಮೇಲೆ ತಡೆಯಲಾರದೆ ಗೋಡೆಯ ಮೇಲಿಂದ ಇಣುಕಿದಳು.

ಹನಮೇಶ ಮಾಳಿಗೆ ಏರಿ ಇಳಿದು ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ.

"ಲಕ್ಕಪ್ಪ ಯಾರು? ನೀವೇನು? ಪೂರ್ತಿ ಓದ್ರಿ ಅಂತ ಬರದಿದ್ರಿ. ಹನ್ನೊಂದು ವರ್ಷದ ನೌಕರಿ ನಂದು, ಮೊದಲ ಸಲ ಒಂದು ಅರ್ಜಿ ಪೂರ್ತಿ ಓದೇನಿ. ಎರಡು ಸಲ ಓದೇನಿ. ರಾಯರ, ಇದು ದೂರಲ್ಲರಿ. ಇವರು ನಿಮ್ಮನ್ನ ಹೊಗಳ್ಯಾರ."

ರಾಯರು ಬಾಗಿಲ ಚೌಕಟ್ಟು ಬಿಡಲಿಲ್ಲ. "ಇಂಗ್ಲಿಷಿನ್ಯಾಗ ಏನು ಬೇಕಾದ್ದು ಬರೀಬಹುದು ಸಾಹೇಬ್ರ. ಹೊಗಳಿಕಿ ಇದ್ರ ಕನ್ನಡದಾಗ ಹೇಳಲಿ. ನನ್ನ ಮುಂದ. ಈಗ."

ಎಲ್ಲರೂ ಲಕ್ಕಪ್ಪನನ್ನು ನೋಡಿದರು. ಲಕ್ಕಪ್ಪ ನೆಲ ನೋಡಿದ. ಹಣೆಯ ಮೇಲೆ ಬೆವರು ಒಡೆಯಿತು. ಕೊನೆಗೆ ತುಳಸಿಕಟ್ಟೆಯ ಕಡೆ ತಿರುಗಿ, ಅದರ ಜೊತೆ ಜಗಳ ಬಿದ್ದವನಂತೆ ಒದರಿದ.

"ಹೊಳೆವ್ವ ಜ್ವರಾ ಬಂದು ಮಲಗಿದಾಗ ರಾಯರ ಮನಿ ಬಾಯಾರು ಹದಿನೆಂಟು ದಿವ್ಸ ಗಂಜಿ ಕೊಟ್ರು! ಕೇಳದಿದ್ರೂ ಕೊಟ್ರು! ನನ್ನ ಮಗಳು ಓದಲಿ ಅಂತ ರಾಯರು ಈ ವಯಸ್ಸಿನ್ಯಾಗ ತಗಡು ಹೊತಗೊಂಡು ಮಾಳಗಿ ಏರಿದ್ರು! ನನ್ನ ಅಣ್ಣ ಏರ್ತಿದ್ದಿಲ್ಲ! ಅಷ್ಟ! ಇದನ್ನ ಹೇಳಾಕ ನಾಚಿಕಿ ಬರತೈತಿ, ಅದಕ್ಕ ಇಂಗ್ಲಿಷಿನ್ಯಾಗ ಬರದೆ! ಸಾಕೇನ್ರಿ?"

ಇಷ್ಟು ಜೋರಾಗಿ ಯಾರೂ ಯಾರಿಗೂ ಕೃತಜ್ಞತೆ ಹೇಳಿರಲಾರರು. ರಾಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

ಹನಮೇಶ ಕೆಮ್ಮಿದ. "ಅದೆಲ್ಲಾ ಖರೇ ರೀ. ನಾನೂ ಮ್ಯಾಲೆ ನೋಡಿದೆ. ನಾಕು ಬೊಂಬು, ಆರು ತಗಡು. ನನ್ನ ಕಣ್ಣಿಗೆ ಅದು ಖೋಲಿ ಅಲ್ಲ, ನೆರಳು. ಆದ್ರ ಕಾಗದದಾಗ ಖೋಲಿ ಅಂತ ಐತಿ. ಕಾಗದದಾಗ ಇದ್ದದ್ದು ನಾ ಕೆಡವಬೇಕು. ಈ ಹೊಗಳಿಕಿ ಸುಳ್ಳು ಅಂತ ಇವರು ಬರದು ಕೊಟ್ರ ಕಡತ ಇಲ್ಲೇ ಮುಗೀತೈತಿ."

"ಬರಿಯೂದಿಲ್ಲ," ಎಂದ ಲಕ್ಕಪ್ಪ.

"ಏನು?"

"ಖರೇದನ್ನ ಸುಳ್ಳು ಅಂತ ನಾ ಬರಿಯೂದಿಲ್ಲರಿ. ರಾಯರು ಛಲೋ ಮನಷಾ. ಬರದೇನಿ, ಮೊಹರು ಬಿದ್ದೈತಿ, ಮುಗೀತು."

"ಲಕ್ಕಪ್ಪಾ!" ರಾಯರು ಚೌಕಟ್ಟು ಬಿಟ್ಟು ಓಡಿ ಬಂದರು. "ನಾ ಕೆಟ್ಟವ ಅಂತ ಬರಿಯೋ ಮಾರಾಯಾ! ನಾನ ಹೇಳ್ಲಿಕ್ಕೆ ಹತ್ತೀನಲ್ಲ!"

"ಇಲ್ಲರಿ. ನೀವು ಛಲೋ ಅದೀರಿ."

"ನಾ ಜುಗ್ಗ ಇದ್ದೀನೋ! ಕೈ ಬಿಚ್ಚಿದವ ಅಲ್ಲ!"

"ನೀವು ಧಾರಾಳ ಅದೀರಿ!" ಎಂದು ಲಕ್ಕಪ್ಪ ಕೈ ಎತ್ತಿದ್ದು ನೋಡಿ ಜೀಪಿನ ಡ್ರೈವರ್ ಹೊಡೆದಾಟವೆಂದು ಇಳಿದು ಬಂದ.

ಆಗ ಮಾಳಿಗೆಯಿಂದ ಸೃಷ್ಟಿಯ ದನಿ ಬಂತು. "ಅಪ್ಪಾ, ಬರಿಯೋ. ಇನ್ನ ಹದಿನೇಳು ದಿವ್ಸ ಐತಿ. ನನಗ ಕೆಮಿಸ್ಟ್ರಿ ಉಳದೈತಿ."

ಲಕ್ಕಪ್ಪ ಮೇಲೆ ನೋಡಿದ. ಆಮೇಲೆ ಕಟ್ಟೆಯ ಮೇಲೆ ಕುಳಿತು ಪೆನ್ನು ತೆಗೆದ. ರಾಯರು ಧಾರವಾಡದ ಶುದ್ಧ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು: ಸದರಿ ಮಾಲೀಕರು ಕೃಪಣರಾಗಿದ್ದು, ಯಾರಿಗೂ ಏನನ್ನೂ ಕೊಟ್ಟಿರುವುದಿಲ್ಲ, ಏನನ್ನೂ ಕಟ್ಟಿಸಿರುವುದಿಲ್ಲ. ಲಕ್ಕಪ್ಪ ಒಂದೊಂದು ಅಕ್ಷರವನ್ನೂ ಹಾಳೆ ಹರಿಯುವಂತೆ ಒತ್ತಿ ಬರೆದ. ರಾಯರ ಹೆಂಡತಿ ರಜನಿಬಾಯಿ ಈಗ ಹುರುಪಿನಿಂದ ಮುಂದೆ ಬಂದರು.

"ಚಹಾಪುಡಿ ಸುದ್ದಾ ಚಮಚಾದಾಗ ಅಳದು ಕೊಡ್ತಾರ ಅಂತ ಬರಿ, ಲಕ್ಕಪ್ಪ."

"ಅಷ್ಟು ಬ್ಯಾಡ," ಎಂದರು ರಾಯರು.

"ಇರಲಿ, ಬರಿ. ಖರೇ ಅದ."

"ಹಬ್ಬದ ಪಟ್ಟಿ ರೊಕ್ಕಾ ಕೇಳಾಕ ಬಂದ್ರ ಸ್ನಾನಕ್ಕ ಹೋಗ್ತಾರ ಅಂತಲೂ ಬರೀರಿ," ಎಂದು ಲಕ್ಷ್ಮೀಬಾಯಿ ಗೋಡೆಯ ಮೇಲಿಂದ ಸೇರಿಸಿದಳು.

ಕೊನೆಯ ಸಾಲು ಬಂತು. ಲಕ್ಕಪ್ಪನ ಕೈ ರೂಢಿಯಂತೆ ತಾನೇ ಓಡಿತು: ಆದ್ದರಿಂದ ತಾವು ಕೂಡಲೇ...

"ಬ್ಯಾಡ!" ಎಂದು ರಾಯರು, ಹೊಳೆವ್ವ, ಹನಮೇಶ ಮೂವರೂ ಒಟ್ಟಿಗೆ ಕೂಗಿದರು.

ಪೆನ್ನು ಗಾಳಿಯಲ್ಲಿ ನಿಂತಿತು. ಆ ಸಾಲಿಲ್ಲದೆ ಪತ್ರ ಮುಗಿಸುವುದು ಅವನಿಗೆ ತಿಳಿಯದು. ಬಹಳ ಹೊತ್ತು ಹಾಳೆಯನ್ನೇ ನೋಡಿ, ಮೀಸೆ ತಿರುವಿ, ಕೊನೆಗೆ ಫಕೀರೇಶ ಮಾಸ್ತರರು ಕಲಿಸದ ಒಂದು ಸಾಲನ್ನು ಬಾಳಿನಲ್ಲಿ ಮೊದಲ ಸಲ ತಾನೇ ಕಟ್ಟಿದ: ಕೂಡಲೇ ಯಾವ ಕ್ರಮವನ್ನೂ ಕೈಗೊಳ್ಳಬಾರದಾಗಿ ವಿನಂತಿ.

ಹನಮೇಶ ಅದನ್ನು ಕಡತಕ್ಕೆ ಸೇರಿಸಿ, ಚಹಾ ಕುಡಿದು, ನೋಟೀಸನ್ನು ತಾನೇ ಕಿತ್ತುಕೊಂಡು ಹೋದ. ಬೇರೆ ಮೀಟರಿಗೆ ಅರ್ಜಿ ಕೊಡಲು ಹೇಳಿ ಹೋದ. ಅದನ್ನು ರಾಯರೇ ಬರೆಯಬೇಕು ಎಂದೂ ಹೇಳಿದ.

ಖೋಲಿ ಉಳಿಯಿತು. ಆದರೆ ಮನೆ ಖಾಲಿ ಮಾಡುವ ಮಾತು ಹಾಗೆಯೇ ಇತ್ತು. ರಾಯರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಟ್ಟೆಗೆ ಬಂದು ಲಕ್ಕಪ್ಪನನ್ನು ಕಂಡರೆ ಕೆಮ್ಮುವರು, ಬಿಸಿಲು ಹೆಚ್ಚಾತು ಎನ್ನುವರು, ಒಳಗೆ ಹೋಗುವರು. ಲಕ್ಕಪ್ಪ ಕೇಳಲಿಲ್ಲ, ಕೇಳಿದರೆ ಅವನು ಲಕ್ಕಪ್ಪನೇ ಅಲ್ಲ. ಹೊಳೆವ್ವ ಚೀಲಗಳ ಬಾಯಿ ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ. ಫೆಬ್ರವರಿ ಇಪ್ಪತ್ತೆಂಟು ಬಂತು.

ಅಂದು ಬೆಳಿಗ್ಗೆ ಅಂಗಡಿ ತೆರೆದಿಟ್ಟೇ ಗುಲಾಬಸಾಬ ಓಡುತ್ತ ಬಂದ.

"ಅಣ್ಣಾರ! ಜಗತ್ತು ಮಾತಾಡೈತಿ!"

ಲಕ್ಕಪ್ಪ ಕಾರ್ಖಾನೆಗೆ ಹೋಗುವವನು ಸೈಕಲ್ ತಿರುಗಿಸಿದ. ಹೊಗಳಿಕೆಯ ಪತ್ರದ ಕೆಳಗೆ ಒಂದೇ ಒಂದು ಉತ್ತರವಿತ್ತು. ನಿನ್ನೆ ಸಂಜೆ ಮಫ್ಲರ್ ಸುತ್ತಿಕೊಂಡು ಬಂದ ಹಿರಿಯರೊಬ್ಬರು ಎರಡು ತಾಸು ಕುಳಿತು ಕುಟ್ಟಿ ಹೋದರು ಎಂದು ಗುಲಾಬಸಾಬ ಹೇಳಿದ. ಅದರ ಕನ್ನಡ ಹೀಗೆ:

"ಗೆ, ಶ್ರೀ ಲಕ್ಕಪ್ಪ. ವಿಷಯ: ತಮ್ಮ ಪತ್ರದ ಕುರಿತು. ಮೇಲ್ಕಾಣಿಸಿದ ಪತ್ರವು ತಲುಪಿದ್ದು, ಈ ಸಲ ಪೂರ್ತಿ ಓದಲಾಗಿದೆ. ಮನೆ ಖಾಲಿ ಮಾಡುವ ಆದೇಶವನ್ನು ರದ್ದುಪಡಿಸಲಾಗಿದೆ. ಹುಡುಗಿಗೆ ಪರೀಕ್ಷೆಯ ದಿನ ನಮ್ಮ ಮನೆಯಲ್ಲಿ ಮೊಸರು ಸಕ್ಕರೆ ಕೊಡಲಾಗುವುದು. ತಮ್ಮ ಇಂಗ್ಲಿಷ್ ಪರವಾಗಿಲ್ಲ. ಪ್ರತಿ: ಶ್ರೀಮತಿ ಹೊಳೆವ್ವ, ಚೀಲ ಬಿಚ್ಚುವ ಕ್ರಮಕ್ಕಾಗಿ."

ಲಕ್ಕಪ್ಪ ಮೂರು ಸಲ ಓದಿದ. ಮೂಗು ಒರೆಸಿಕೊಂಡು, ಧೂಳಿಗೆ ಬೈದ.

"ಪ್ರಿಂಟ್ ಹೊಡಿ, ಗುಲಾಬಸಾಬ. ಮೂರು ಪ್ರತಿ."

"ಮೂರು ಯಾಕ್ರಿ ಅಣ್ಣಾರ? ಮೂರು ಯಾಕ?"

ಅವನು ಉತ್ತರ ಕೊಡುವಷ್ಟು ನಿಲ್ಲಲಿಲ್ಲ. ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಸೈಕಲ್ ಏರಿದ.

ಕಟ್ಟಡದ ಕಚೇರಿಯ ಕಿಟಕಿಯಿಂದ ಸುಮಲತಾ ದೂರದಲ್ಲಿ ಆ ಮೀಸೆಯನ್ನು ಕಂಡಳು. ಆಗಿನ್ನೂ ಹತ್ತೂವರೆ. ಅವಳು "ಊಟದ ವೇಳೆ" ಎಂಬ ಹಲಗೆಯನ್ನು ಕೌಂಟರಿನ ಮೇಲೆ ನಿಲ್ಲಿಸಿ, ಮೊಹರನ್ನು ಡ್ರಾವರಿನಲ್ಲಿ ಹಾಕಿ, ಕೀಲಿ ತಿರುವಿ, ಕೀಲಿಯನ್ನು ಊಟದ ಡಬ್ಬಿಯ ತಳದಲ್ಲಿ, ರೊಟ್ಟಿಯ ಕೆಳಗೆ ಬಚ್ಚಿಟ್ಟಳು.